ಕಟ್ಟೆಯ ಸಕ್ಕರೆ

ಗದಗ ಹೊಸ ಜಿಲ್ಲೆಯಾಯಿತು, ಆದರೆ ಮುಂಡರಗಿಯಿಂದ ಕೊರ್ಲಹಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಪದ್ಧತಿ ಮಾತ್ರ ಹಳೆಯದೇ ಉಳಿಯಿತು. ಪಂಚಾಯ್ತಿ ಚುನಾವಣೆ ಬಂತೆಂದರೆ ಹಿರಿಯರು ಕಟ್ಟೆಯ ಮೇಲೆ ಕೂತು ಒಂದು ಹೆಸರು ಹೇಳುತ್ತಾರೆ. ಆಮೇಲೆ ಮನೆಮನೆಗೆ ಸಕ್ಕರೆ ಹಂಚುತ್ತಾರೆ. ತಿಂದರೆ ಒಪ್ಪಿದ ಹಾಗೆ. ಬೇರೆ ಯಾರಾದರೂ ನಾಮಪತ್ರ ಕೊಟ್ಟಿದ್ದರೆ ವಾಪಸು ತೆಗೆದುಕೊಳ್ಳಬೇಕು. ಹೀಗಾಗಿ ನಮ್ಮೂರು ಪಂಚಾಯ್ತಿ ಚುನಾವಣೆಯ ಮತಪೆಟ್ಟಿಗೆಯ ಮುಖವನ್ನೇ ನೋಡಿರಲಿಲ್ಲ.

ಹೋದ ಸಲ ಹೀಗೆ ಆರಿಸಿ ಬಂದವರು ಚನ್ನಬಸವಣ್ಣನವರು. ನಮ್ಮ ಓಣಿಗೆ ಬರಬೇಕಿದ್ದ ನಳ ಅವರ ಓಣಿಯಲ್ಲೇ ನಿಂತಿತು. ಅಂದಿನಿಂದ ನಮ್ಮ ಹೆಂಗಸರು ಹೊಳೆಯಿಂದ ನೀರು ಹೊರುತ್ತಾರೆ, ಗಂಡಸರು ನನ್ನ ದರ್ಜಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವರನ್ನು ಬೈಯುತ್ತಾರೆ. "ನಾವೇನ ಓಟ ಹಾಕೀವೇನ ಅವಗ?" ಎಲ್ಲರ ಬಾಯಲ್ಲೂ ಇದೊಂದೇ ಮಾತು.

ಈ ಸಲ ಆ ಜಾಗ ಹೆಂಗಸರಿಗೆ ಮೀಸಲಾಯಿತು. ಹಿರಿಯರು ಚನ್ನಬಸವಣ್ಣನವರ ಹೆಂಡತಿ ಶಾರದವ್ವನ ಹೆಸರು ಹೇಳುವಷ್ಟರಲ್ಲಿ ನನ್ನ ಹೆಂಡತಿ ಮೋತಿಬಿ ನಾಮಪತ್ರ ಕೊಟ್ಟು ಬಂದಿದ್ದಳು. ಕೇಳಿ ಮೊದಲು ಹೆದರಿದೆ. ಆಮೇಲೆ, ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಆಯಿತು.

ವಾಪಸು ತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಚನ್ನಬಸವಣ್ಣನವರೇ ಸಕ್ಕರೆ ತಟ್ಟೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಅವರ ಹಿಂದೆ ಅರ್ಧ ಓಣಿ.

"ಖಾಜಾಸಾಬ, ನಿನ್ನ ಹೇಂತಿಗಿ ಹೇಳಪಾ. ಊರಾಗ ಒಡಕು ಬ್ಯಾಡ."

"ಆಕಿನ್ನ ಕೇಳ್ರಿ ಸಾವಕಾರ್ರ, ನಾಮಪತ್ರ ಆಕಿದು" ಎಂದೆ.

ಮೋತಿಬಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. "ಕುಂಡ್ರಿ ಅಣ್ಣಾರ. ನಳ ನಮ್ಮ ಓಣಿಗಿ ಯಾಕ ಬರಲಿಲ್ರಿ?"

"ಅದು ಮ್ಯಾಲಿನವರ ಕೆಲಸ ತಂಗಿ. ನನ್ನ ಕೈಯಾಗ ಏನೈತಿ?"

ಹಿಂದೆ ನಿಂತಿದ್ದ ನಮ್ಮ ಓಣಿಯ ಬುಡ್ಡೇಸಾಬ ಗೊಣಗಿದ: "ನಾವಂತೂ ಓಟ ಹಾಕಿಲ್ಲಪಾ, ನಮ್ಮ ತಪ್ಪೇನೈತಿ?"

ಮೋತಿಬಿ ಅವನತ್ತ ತಿರುಗಿದಳು. ಚನ್ನಬಸವಣ್ಣನವರಿಗಿಂತ ಅವನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು.

"ಓಟ ಹಾಕಿಲ್ಲ, ಖರೆ ಕಾಕಾ. ಸಕ್ರಿ ತಿಂದೀರಲ್ಲ? ನಾನೂ ತಿಂದೀನಿ. ಬಾಯಿ ಸಿಹಿ ಮಾಡ್ಕೊಂಡು ಈಗ ಇವರೊಬ್ಬರನ್ನ ಬೈದ್ರ ಹೆಂಗ? ಓಟ ಹಾಕಾಕ ಬಿಡಲಿಲ್ಲ ಅಂತೀರಿ. ಬಿಡ್ರಿ ಅಂತ ಯಾವಾಗರ ಕೇಳೀರೇನು?"

ಚನ್ನಬಸವಣ್ಣನವರು ನಕ್ಕರು. "ಸೋತ ಮ್ಯಾಲ ಅಳಬಾರದು ತಂಗಿ."

"ಸೋತ್ರ ಸೋಲ್ತೀನಿ. ಶಾರದಕ್ಕಾರ ಗೆದ್ರ, ನಿಮ್ಮನ್ನ ನಾವ ಓಟ ಹಾಕಿ ಆರಿಸೀವಿ ಅಂತ ಅವರ ಹತ್ರ ಬಂದು ನಳ ಕೇಳ್ತೀವಿ." ಅವಳು ತಟ್ಟೆ ಮುಟ್ಟಲಿಲ್ಲ.

ತಟ್ಟೆ ಪಕ್ಕದ ಮನೆಗೆ ಹೋಯಿತು. ಹನಮವ್ವ ಆಗಷ್ಟೇ ಹೊಳೆಯಿಂದ ಬಂದು ಕೊಡ ಹೊತ್ತುಕೊಂಡೇ ನಿಂತಿದ್ದಳು. ಅಭ್ಯಾಸದಂತೆ ಕೈ ಚಾಚಿದವಳು ಮೋತಿಬಿಯನ್ನು ನೋಡಿ ಕೈ ಹಿಂದೆ ತೆಗೆದುಕೊಂಡಳು.

"ಈಗ ಬ್ಯಾಡ್ರಿ ಸಾವಕಾರ್ರ. ಓಟ ಹಾಕಿ ಬಂದು ತಿಂತೀನಿ."

ಬುಡ್ಡೇಸಾಬ ಅಷ್ಟರಲ್ಲಿ ಹಿಡಿ ತುಂಬ ತೆಗೆದುಕೊಂಡುಬಿಟ್ಟಿದ್ದ. ಸುತ್ತ ಒಮ್ಮೆ ನೋಡಿದ. ಆಮೇಲೆ ಅಂಗೈಯಲ್ಲಿ ಒಂದು ಕಾಳೂ ಉಳಿಯದ ಹಾಗೆ ತಟ್ಟೆಗೆ ಕೊಡವಿದ.