ನೀರಿಗಿಳಿಯುವ ಟಾರ್ಚು

ಹೊಸ ಕಾಲದ ದೀಪಗಳ ಮೇಲೆ ಕೋದಂಡಪ್ಪನಿಗೆ ಇದ್ದದ್ದು ಒಂದೇ ದೂರು: ಅವು ಹೇಳಿ ಹೋಗುವುದಿಲ್ಲ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲ್ಯಾಂಪ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ದುಡಿದವನು ಅವನು. ಅಲ್ಲಿಯ ತಲೆದೀಪಗಳು ಚಾರ್ಜು ಇಳಿದರೆ ಮೊದಲು ಹಳದಿಗೆ ತಿರುಗುತ್ತಿದ್ದವು, ಆಮೇಲೆ ಕೆಂಪಗೆ ಮಂಕಾಗುತ್ತಿದ್ದವು. ಒಳಗಿದ್ದ ಆಳು ಕೈಕೆಲಸ ಬಿಟ್ಟು ಮೇಲೆ ಬರುವಷ್ಟು ಪುರಸೊತ್ತು ಕೊಡುತ್ತಿದ್ದವು. ಮಗ ನಾಗೇಶ ತರಿಸಿಕೊಂಡ ನೀರಿನ ಟಾರ್ಚುಗಳಿಗೆ ಆ ಮರ್ಯಾದೆ ಗೊತ್ತಿಲ್ಲ. ಕೊನೆಯ ಗಳಿಗೆಯವರೆಗೂ ಕಣ್ಣು ಕುಕ್ಕುವಂತೆ ಉರಿದು ಟಪ್ಪೆಂದು ಆರುತ್ತವೆ. ಡಬ್ಬದ ಮೇಲೆ ಮೂರು ಗಂಟೆ ಅಂತ ಬರೆದಿದ್ದರೆ ನಲವತ್ತು ನಿಮಿಷ ಬಂದರೆ ಪುಣ್ಯ. ಚಾರ್ಜರಿನ ಹಸಿರು ದೀಪವಂತೂ ಸೆಲ್ಲು ತುಂಬಿದ್ದರೂ ಹಸಿರು, ಸತ್ತಿದ್ದರೂ ಹಸಿರು.

ನಾಗೇಶ ಬೆಳಿಗ್ಗೆ ಹಸುಗಳ ಹಾಲು ಕರೆದು ಡೇರಿಗೆ ಹಾಕಿದ ಮೇಲೆ ಬಾವಿಗಿಳಿಯುವವನು. ಬಂಗಾರಪೇಟೆಯ ಸುತ್ತಮುತ್ತ ಯಾರ ಬಾವಿಗೆ ಪಂಪು ಬಿದ್ದರೂ ಅವನಿಗೆ ಫೋನು ಬರುತ್ತಿತ್ತು. ಒಮ್ಮೊಮ್ಮೆ ಬಿದ್ದದ್ದು ಪಂಪಾಗಿರುತ್ತಿರಲಿಲ್ಲ, ಮನುಷ್ಯರಾಗಿರುತ್ತಿದ್ದರು. ಗಾಳಿ ಸಿಲಿಂಡರು, ಮುಖವಾಡ, ಹಗ್ಗ ಎಲ್ಲ ಅವನ ಪಾಲು. ಟಾರ್ಚು ಮಾತ್ರ ಅಪ್ಪನ ಪಾಲು. ಕೋದಂಡಪ್ಪ ಪ್ರತಿ ಸಂಜೆ ಅವನ್ನು ಒರೆಸಿ ಚಾರ್ಜಿಗೆ ಹಾಕುವನು, ಪ್ರತಿ ಶನಿವಾರ ಬಿಚ್ಚಿ ಬಟ್ಟೆಯ ಮೇಲೆ ಹರಡಿಕೊಂಡು ಕೂರುವನು. ಬೇರೆ ಯಾರೂ ಮುಟ್ಟುವಂತಿಲ್ಲ. "ಮಾವ ಮೊಮ್ಮಗೀಗೂ ಇಷ್ಟು ಉಪಚಾರ ಮಾಡ್ಲಿಲ್ಲ," ಎಂದು ಸೊಸೆ ರಾಧ ನಗುತ್ತಿದ್ದಳು. ಗಣಿ ಮುಚ್ಚಿದ ದಿನದಿಂದ ಕೈ ಕಟ್ಟಿ ಕೂತಿದ್ದ ಮನುಷ್ಯನಿಗೆ ಆ ಎರಡು ಟಾರ್ಚುಗಳು ಮತ್ತೆ ಕೆಲಸ ಕೊಟ್ಟಿದ್ದವು. ಅದು ಮನೆಯವರಿಗೆಲ್ಲ ಗೊತ್ತಿತ್ತು, ನಾಗೇಶನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಆ ಗುರುವಾರ ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಹೋದದ್ದು ಕೆಲಸ ನಿಂತು ನೀರು ತುಂಬಿದ್ದ ಒಂದು ಕಲ್ಲು ಕ್ವಾರಿಗೆ. ಹಿಂದಿನ ದಿನ ಆ ಊರಿನ ಅಂಜಮ್ಮ ಎಂಬವಳ ಮಗ ಸುಧಾಕರ ಅಲ್ಲಿ ಕುರಿ ತೊಳೆಯಲು ಹೋಗಿದ್ದ. ಒಂದು ಕುರಿ ಜಾರಿತು. ಅದನ್ನು ಹಿಡಿಯಲು ಹೋಗಿ ಅವನೂ ಜಾರಿದ. ಕುರಿ ಈಜಿಕೊಂಡು ದಡ ಸೇರಿತು, ಈಜು ಬಾರದ ಇಪ್ಪತ್ತೆರಡರ ಹುಡುಗ ಸೇರಲಿಲ್ಲ. ಬೆಳಗಿನಿಂದ ಕೊಕ್ಕೆ ಹಾಕಿ ಎಳೆದದ್ದಾಯಿತು, ಏನೂ ಸಿಗಲಿಲ್ಲ. ಸರ್ಕಾರದ ಮುಳುಗುತಜ್ಞರ ತಂಡ ಮಾರನೆಯ ಬೆಳಿಗ್ಗೆ ಬರುವುದಿತ್ತು. ಅಷ್ಟು ಹೊತ್ತು ಕಾಯಲು ತಾಯಿಯ ಜೀವ ಒಪ್ಪದೆ, ಅವಳ ಭಾವ ಅಶ್ವತ್ಥಪ್ಪ ನಾಗೇಶನನ್ನು ಕರೆಸಿದ್ದ.

ಅಂಜಮ್ಮ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಳು ಮುಗಿದುಹೋಗಿತ್ತು. ಮಗನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಕಡೆ ನೋಡಲು ಕೋದಂಡಪ್ಪನಿಗೆ ಧೈರ್ಯವಾಗಲಿಲ್ಲ.

"ಇವ್ರು ಲ್ಯಾಂಪ್ ರೂಮಲ್ಲಿದ್ದ ಕೋದಂಡಣ್ಣ," ಎಂದು ಅಶ್ವತ್ಥಪ್ಪ ಸೇರಿದ್ದ ಜನಕ್ಕೆ ಹೇಳಿದ. "ಇವ್ರ ಕೈಯಿಂದ ಓದ ದೀಪ ಒಳಗೆ ಕೆಟ್ಟಿದ್ದೇ ಇಲ್ವಂತೆ."

ಕೋದಂಡಪ್ಪ ಬೇಡವೆನ್ನಲಿಲ್ಲ. ಹೊಗಳಿಕೆ ಎಂಥ ಕಡೆ ಬಂದರೂ ಮನುಷ್ಯನಿಗೆ ಸಿಹಿಯೇ, ಅದೇ ಅಸಹ್ಯ.

ನಾಗೇಶ ಇಳಿದ. ಕೋದಂಡಪ್ಪ ಹಗ್ಗ ಹಿಡಿದು ನಿಂತ. ಒಂದು ಜಗ್ಗು ಅಂದರೆ ಎಲ್ಲ ಸರಿ, ಮೂರು ಜಗ್ಗು ಅಂದರೆ ಎಳೆದುಕೋ. ಟಾರ್ಚಿನ ಬೆಳಕು ಪಾಚಿನೀರಿನಲ್ಲಿ ಸ್ವಲ್ಪ ದೂರ ಹಸಿರಾಗಿ ಕಂಡು ಕರಗಿತು. ತಳದಲ್ಲಿ ಹಳೆಯ ಕ್ರೇನಿನ ಕಬ್ಬಿಣದ ಹಗ್ಗಗಳು ಸಿಂಬೆ ಸಿಂಬೆಯಾಗಿ ಬಿದ್ದಿವೆ ಎಂದು ಊರಿನವರು ಮೊದಲೇ ಎಚ್ಚರಿಸಿದ್ದರು. ಬೆಳಕಿದ್ದರೆ ಅವನ್ನು ದಾಟಬಹುದು, ಬೆಳಕಿಲ್ಲದೆ ಅಲ್ಲಿಗೆ ಹೋಗುವುದು ಬಲೆಯೊಳಗೆ ತಾನೇ ನುಗ್ಗಿದ ಹಾಗೆ.

ಮೊದಲ ಜಗ್ಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. ಆಮೇಲೆ ಹಗ್ಗ ಸುಮ್ಮನಾಯಿತು. ಕೋದಂಡಪ್ಪ ಮೇಲಿನಿಂದ ಒಮ್ಮೆ ಜಗ್ಗಿದ. ಉತ್ತರವಿಲ್ಲ. ಮತ್ತೆ ಜಗ್ಗಿದ. ಹಗ್ಗ ಎಲ್ಲೋ ಕಚ್ಚಿಕೊಂಡಂತೆ ಬಿಗಿಯಾಗಿತ್ತು. ಮಗ ಹೋದ ಅಂತಲೇ ಅವನಿಗನ್ನಿಸಿತು. ಬಂಡೆಗೆ ಹಿಮ್ಮಡಿ ಒತ್ತಿ ನಿಂತ. ಎಷ್ಟೋ ಹೊತ್ತಿನ ಮೇಲೆ ಹಗ್ಗ ಸಡಿಲವಾಗಿ ಮೂರು ಸಲ ಜಗ್ಗಿದಾಗ ಅವನೂ ಅಶ್ವತ್ಥಪ್ಪನೂ ಸೇರಿ ಎಳೆದರು.

ನಾಗೇಶನ ಭುಜ ಹರಿದು ರಕ್ತ ಬರುತ್ತಿತ್ತು. ಮುಖವಾಡ ಕಿತ್ತು ಬಹಳ ಹೊತ್ತು ಕೆಮ್ಮಿದ.

"ಟಾರ್ಚು ಓಯ್ತು," ಅಂದ ಕೊನೆಗೆ. "ತಂತಿಗೆ ಸಿಕ್ಕಾಕ್ಕೊಂಡಿದ್ದೆ. ಈ ಕಂಪ್ನಿಯೋರು ಬರೀ ಮೋಸ. ಸೆಲ್ಲೇ ಸರಿಯಿಲ್ಲ."

ಅಷ್ಟು ಹೇಳಿ, ಅಪ್ಪ ಕೈ ಚಾಚುವ ಮೊದಲೇ ಟಾರ್ಚನ್ನು ಚೀಲದೊಳಗೆ ತುರುಕಿದ. ಕೋದಂಡಪ್ಪನಿಗೆ ಅದು ಸರಿಬರಲಿಲ್ಲ. ಕೆಟ್ಟ ದೀಪವನ್ನು ಬಿಚ್ಚಿ ನೋಡದೆ ಬಿಡುವ ಜಾಯಮಾನ ಅವನದಲ್ಲ. ಜನ ನಾಗೇಶನ ಭುಜಕ್ಕೆ ಬಟ್ಟೆ ಸುತ್ತುತ್ತಿದ್ದಾಗ ಅದನ್ನು ಚೀಲದಿಂದ ತೆಗೆದು, ಪಕ್ಕಕ್ಕೆ ಹೋಗಿ ಹಿಂಭಾಗ ತಿರುಗಿಸಿದ. ಒಳಗಿನಿಂದ ಒಂದು ಲೋಟದ ತಳದಷ್ಟು ಕಂದು ನೀರು ಸುರಿಯಿತು. ನೀರು ಒಳಗೆ ಬಾರದಂತೆ ಕೂತಿರಬೇಕಾದ ರಬ್ಬರ್ ಉಂಗುರ ಉಬ್ಬಿ, ಅದರ ಕಚ್ಚಿನಿಂದ ಎದ್ದು ಹೊರಗೆ ಬಂದಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ಅವಲಕ್ಕಿಯ ಹಾಗೆ ಮೆತ್ತಗಿತ್ತು.

ಸೆಲ್ಲಿನ ತಪ್ಪಲ್ಲ. ಕಂಪನಿಯ ತಪ್ಪೂ ಅಲ್ಲ. ಉಂಗುರಕ್ಕೆ ಹಚ್ಚಲು ಡಬ್ಬದ ಜೊತೆ ಬಂದಿದ್ದ ಗ್ರೀಸಿನ ಪುಟ್ಟ ಟ್ಯೂಬು ಶಿವರಾತ್ರಿ ಹೊತ್ತಿಗೆ ಮುಗಿದಿತ್ತು. ಬೇರೆ ತರಿಸುತ್ತೇನೆ, ಅಲ್ಲಿವರೆಗೆ ಸುಮ್ಮನಿರು ಎಂದು ನಾಗೇಶ ಹೇಳಿದ್ದ. ಸುಮ್ಮನಿರುವುದು ಕೋದಂಡಪ್ಪನಿಂದ ಆಗಲಿಲ್ಲ. ಲ್ಯಾಂಪ್ ರೂಮಿನಲ್ಲಿ ಬ್ಯಾಟರಿಯ ತುದಿಗಳಿಗೆ ವಾರಕ್ಕೊಮ್ಮೆ ವ್ಯಾಸಲೀನು ಸವರುವುದು ಕಟ್ಟಳೆ. ತುಕ್ಕು ಹತ್ತಿರ ಸುಳಿಯುತ್ತಿರಲಿಲ್ಲ. ಸೊಸೆ ಹಿಮ್ಮಡಿಗೆ ಹಚ್ಚಿಕೊಳ್ಳುವ ಡಬ್ಬಿಯಿಂದ ತೆಗೆದು ಉಂಗುರಗಳಿಗೂ ಧಾರಾಳವಾಗಿ ಹಚ್ಚಿದ್ದ, ಶನಿವಾರದ ಮೇಲೆ ಶನಿವಾರ. ಆ ಕಾಲದ ಸೀಸದ ಬ್ಯಾಟರಿಗೆ ಒಗ್ಗಿದ್ದು ಈ ಕಾಲದ ರಬ್ಬರಿಗೆ ವಿಷವಾಗಿತ್ತು. ಮಗನನ್ನು ತಂತಿಯ ನಡುವೆ ಕುರುಡನನ್ನಾಗಿ ಮಾಡಿದ್ದು ಅವನದೇ ಬೆರಳು.

ಅವನು ತಲೆ ಎತ್ತಿದಾಗ ನಾಗೇಶ ಎರಡನೆಯ ಟಾರ್ಚನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ. ಅದಕ್ಕೂ ಹಚ್ಚಿದ್ದು ಅದೇ ಡಬ್ಬಿಯದು, ಅದೇ ಶನಿವಾರ.

ಹೇಳಬೇಕಾದದ್ದು ಒಂದು, ಬಾಯಿಗೆ ಬಂದದ್ದು ಬೇರೆ. "ಒತ್ತಾಯ್ತು ನಾಗೇಶ. ನಾಳೆ ನೋಡಾನ."

"ಇನ್ನೂ ಬಿಸ್ಲೈತೆ," ಅಂದ ಅಶ್ವತ್ಥಪ್ಪ. "ಒಂದು ಸಲ ನೋಡ್ಬುಡ್ಲಿ ಅಣ್ಣ. ತಾಯಿ ಮಕ ನೋಡಕಾಗ್ತಿಲ್ಲ."

"ಭುಜ ಗಾಯ ಆಗೈತೆ ಅವ್ನಿಗೆ."

"ಗಾಯ ಏನಿಲ್ಲಪ್ಪ," ಅಂದ ನಾಗೇಶ. "ಒಂದ್ಗಳಿಗೆ ಇಳ್ದು ಬತ್ತೀನಿ. ಇದು ಚೆನ್ನಾಗೈತೆ."

ಅವನು ಅಪ್ಪನ ಮುಖ ನೋಡದೆ ಹೇಳಿದ. ನೀರಿಗೆ ಕಾಲಿಟ್ಟ. ಅಂಜಮ್ಮ ಎದ್ದು ನಿಂತಿದ್ದಳು. ಅಷ್ಟು ಜನರ ಕಣ್ಣು ತನ್ನ ಮೇಲಿರುವಾಗ, ಹತ್ತೊಂಬತ್ತು ವರ್ಷ ಕಾಪಾಡಿಕೊಂಡ ಹೆಸರನ್ನು ತಾನೇ ನೀರಿಗೆ ಎಸೆಯುವುದು ಹೇಗೆ? ಏನೋ ನೆಪ ಸಿಗಬಹುದೆಂದು ಕೋದಂಡಪ್ಪ ನಾಚಿಕೆಯಿಲ್ಲದೆ ಹುಡುಕಿದ. ನಾಗೇಶನ ಸೊಂಟದವರೆಗೆ ನೀರು ಬಂತು. ಹಗ್ಗ ಅಪ್ಪನ ಅಂಗೈಯಲ್ಲಿ ಸರಿಯಿತು.

ಅವನು ಹಗ್ಗವನ್ನು ಬಿಗಿಹಿಡಿದು ನಿಲ್ಲಿಸಿದ.

"ಬಾರ್ಲಾ ಮೇಲಕ್ಕೆ," ಅಂದ. "ಟಾರ್ಚು ಕೆಡ್ಸಿದ್ದು ಕಂಪ್ನಿಯೋರಲ್ಲ ಕಣ್ಲಾ, ನಾನು. ರಬ್ಬರಿಗೆ ವ್ಯಾಸಲೀನು ಬಳ್ದಿದ್ದೆ. ಇದಕ್ಕೂ ಬಳ್ದಿದೀನಿ. ಇದೂ ಒಳಗೋಗಿ ಆರೋಗ್ತದೆ."

ಜನ ಪಿಸುಗುಟ್ಟಿದರು. ನಾಗೇಶ ಕೂಡಲೇ ಬರಲಿಲ್ಲ, ಸೊಂಟದ ನೀರಿನಲ್ಲಿ ತಲೆ ತಗ್ಗಿಸಿ ನಿಂತ.

"ಗೊತ್ತಪ್ಪ," ಅಂದ ಮೆಲ್ಲಗೆ. "ಮೇಲಕ್ಕೆ ಬಂದಾಗ್ಲೇ ನೋಡ್ದೆ, ಉಂಗ್ರ ಸಂದಿಯಿಂದ ಎದ್ದು ಕಾಣ್ತಿತ್ತು."

"ಗೊತ್ತಿದ್ದೂ ಇನ್ನೊಂದು ಕಟ್ಕೊಂಡು ಇಳೀತಿದ್ಯಾ?"

"ಅವ್ರು ನಿನ್ನ ಅಷ್ಟು ಒಗಳ್ತಿದ್ರು. ಎಲ್ರ ಮುಂದೆ ನಾನು ಏನಂತ ಏಳ್ಲಿ?"

ಕೋದಂಡಪ್ಪನಿಗೆ ಮೊದಲು ಬಂದದ್ದು ಸಿಟ್ಟು, ಮಗನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು. ಅದರ ಬೆನ್ನಿಗೇ ಭಯ. ತಾನು ಒಂದು ಗಳಿಗೆ ತಡಮಾಡಿದ್ದರೆ ಈ ಪೆದ್ದ ಅಪ್ಪನ ಮರ್ಯಾದೆ ಉಳಿಸಲು ಅರವತ್ತು ಅಡಿ ಕೆಳಗೆ ಹೋಗಿ ಪ್ರಾಣ ಬಿಡುತ್ತಿದ್ದ. ಹಗ್ಗ ಎಳೆದು, ಗಾಯದ ಭುಜವನ್ನೂ ಲೆಕ್ಕಿಸದೆ ಮಗನನ್ನು ದಡಕ್ಕೆ ತಂದು, ಮಣಿಕಟ್ಟಿನಿಂದ ಟಾರ್ಚು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ.

ಜನ ಒಬ್ಬೊಬ್ಬರಾಗಿ ದೂರ ಸರಿದರು. ಬೈದಿದ್ದರೆ ವಾಸಿಯಿತ್ತು.

ಉಳಿದದ್ದು ಅಂಜಮ್ಮ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಉಂಗುರ, ವ್ಯಾಸಲೀನು ಯಾವುದೂ ಅವಳ ತಲೆಗೆ ಹೋಗಿರಲಿಲ್ಲ. ನಾಗೇಶ ಮೇಲೆ ಬಂದದ್ದು, ಮತ್ತೆ ಇಳಿಯದೆ ಇದ್ದದ್ದು ಮಾತ್ರ ಕಂಡಿತ್ತು. ಕೋದಂಡಪ್ಪ ಹೋಗಿ ಅವಳೆದುರು ನೆಲದಲ್ಲೇ ಕುಕ್ಕರಗಾಲಲ್ಲಿ ಕೂತ.

"ಇವತ್ತು ಆಗಾಕಿಲ್ಲ ತಾಯಿ. ದೀಪಿಲ್ಲ. ನಾಳೆ ಬೆಳಿಗ್ಗೆ ಸರ್ಕಾರದೋರು ಬತ್ತಾರೆ, ಅವ್ರತ್ರ ಒಳ್ಳೇ ದೀಪ ಇರ್ತವೆ."

ಅವಳು ನೀರಿನ ಕಡೆ ನೋಡಿದಳು, ಆಮೇಲೆ ಅವನ ಕಡೆ.

"ಅಂಗಾರೆ ರಾತ್ರಿಯೆಲ್ಲ ಅವ್ನು ಆ ಕತ್ಲಲ್ಲೇ ಇರ್ಬೇಕೇನಣ್ಣ?"

"ಇರ್ಬೇಕಮ್ಮ," ಅಂದ ಕೋದಂಡಪ್ಪ. "ನನ್ನಿಂದ."