ಟೊಲೆಡೊದಲ್ಲಿ ಬರಿಗಾಲು

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಫಕೀರಪ್ಪನವರಿಗೆ ತಮ್ಮ ಬಗ್ಗೆ ಇದ್ದದ್ದು ಒಂದೇ ಜಂಬ. ಆದರೆ ಅದನ್ನು ಇಡೀ ಓಣಿಗೆ ಹಂಚಿದರೂ ಮಿಗುತ್ತಿತ್ತು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಕಾಲು ನೋಡಿ ನಂಬರ್ ಹೇಳಿಬಿಡುತ್ತಿದ್ದರು. ಕಾಲು ಅಳೆಯುವ ಪಟ್ಟಿ ಅವರ ಅಂಗಡಿಯಲ್ಲೂ ಇತ್ತು, ಅದರ ಮೇಲೆ ಕೆಲಸದ ಶಿವರಾಜ ಚಹಾದ ಲೋಟ ಇಡುತ್ತಿದ್ದ. ಈಗ ಈ ಕಥೆಯನ್ನು ಫಕೀರಪ್ಪನವರೇ ಎಲ್ಲರಿಗೂ ಹೇಳುತ್ತಾರೆ. "ನನ್ನಂಥ ಶಾಣ್ಯಾ ಇನ್ನೊಬ್ಬ ಇಲ್ಲ ನೋಡ್ರಿ" ಎಂದು ಶುರುಮಾಡುವುದರಿಂದ, ಕೇಳುವವರು ಇದೂ ಜಂಬದ್ದೇ ಇರಬೇಕೆಂದುಕೊಳ್ಳುತ್ತಾರೆ.

ಯುರೋಪ್ ಟೂರಿಗೆ ಬುಕಿಂಗ್ ಮಾಡಿದವಳು ಪುಣೆಯದೇ ಖರಾಡಿಯಲ್ಲಿ ಕೆಲಸ ಮಾಡುವ ಮಗಳು ಸ್ನೇಹಲ್. "ಅವ್ವ ಇಷ್ಟು ವರ್ಷ ಅಂಗಡಿ ಬಾಗಿಲಾ ನೋಡ್ಯಾಳ, ಈಗರ ಒಂದು ಊರು ನೋಡ್ಲಿ" ಎಂದಿದ್ದಳು. ಅವ್ವ ಎಂದರೆ ಶಿವಬಸವ್ವ. ಆಕೆಗೆ ಬೇಕಿದ್ದದ್ದು ಒಂದೇ. ಟೊಲೆಡೊ ಎಂಬ ಹಳೇ ಊರನ್ನು ಹೊಳೆಯಾಚೆಯ ಗುಡ್ಡದ ಮೇಲೆ ನಿಂತು ನೋಡಬೇಕು. ಮಗಳ ಮೊಬೈಲಿನಲ್ಲಿ ಆ ಚಿತ್ರ ಕಂಡಾಗಿನಿಂದ, ಮೂರು ಕಡೆ ಸುತ್ತುವ ಹೊಳೆ, ನಡುವಿನ ದಿಬ್ಬದ ತುಂಬ ಒತ್ತೊತ್ತಾಗಿ ಕೂತ ಮನೆಗಳು ಎಂದು ಅದೇ ಮಾತು ಆಡುತ್ತಿದ್ದಳು. ಫಕೀರಪ್ಪನವರ ಆಸೆ ಬೇರೆ. ಟೂರಿನ ಮಂದಿಯೆಲ್ಲ ಪುಣೆಯವರೇ, ಅರ್ಧ ಜನ ಆಗಲೇ ಅವರಂಗಡಿಯ ಬೂಟು ಹಾಕಿದ್ದರು. ಉಳಿದರ್ಧವನ್ನೂ ಗಿರಾಕಿ ಮಾಡಿಕೊಂಡೇ ಮರಳಬೇಕೆಂದು ಅವರು ಹೊರಟಿದ್ದರು.

ಸೂಟ್‌ಕೇಸ್ ತುಂಬುವಾಗಲೇ ಒಂದು ಜಗಳ ಆಗಿತ್ತು. ಶಿವಬಸವ್ವ ಗುಲಾಬಿ ಹೂವಿನ ರಬ್ಬರ್ ಚಪ್ಪಲಿ ತುರುಕುತ್ತಿದ್ದಳು. "ಈ ಬಚ್ಚಲದ ಚಪ್ಪಲಿ ಅಲ್ಲಿ ಯಾರರ ನೋಡಿದ್ರ ನನ್ನ ಅಂಗಡಿ ಮಾನ ಏನಾಗಬೇಕು?" ಎಂದು ಇವರು ಹಾರಾಡಿದರು. ಆಕೆ ಹೂಂ ಎಂದು ಅದನ್ನು ಸೂಟ್‌ಕೇಸಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

ಮ್ಯಾಡ್ರಿಡ್‌ನಿಂದ ಟೊಲೆಡೊಗೆ ಹೋಗುವ ಬಸ್ಸಿನಲ್ಲಿ ಫಕೀರಪ್ಪನವರದೇ ದರ್ಬಾರು. ಟೂರ್ ಮ್ಯಾನೇಜರ್ ಪೃಥ್ವಿರಾಜ್ ಕೈಯಿಂದ ಮೈಕ್ ಇಸಿದುಕೊಂಡು ಸಾಲಿನಿಂದ ಸಾಲಿಗೆ ಹೋಗಿ ಎಲ್ಲರ ಕಾಲು ನೋಡಿ ನಂಬರ್ ಸಾರಿದರು. ಒಂದೂ ತಪ್ಪಲಿಲ್ಲ, ಚಪ್ಪಾಳೆಯೋ ಚಪ್ಪಾಳೆ. "ವಹಿನಿಯವರದು?" ಎಂದು ಯಾರೋ ಶಿವಬಸವ್ವನ ಕಡೆ ಕೈ ತೋರಿ ಕೂಗಿದರು. "ಮನಿಯವ್ರದು ನೋಡೂದೇನದ, ಏಳು!" ಎಂದು ತಿರುಗಿಯೂ ನೋಡದೆ ಹೇಳಿದರು. ಶಿವಬಸವ್ವ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅದಕ್ಕೂ ಚಪ್ಪಾಳೆ ಬಿತ್ತು.

ಊರು ಏರಿಳಿತದ ಕಲ್ಲುಹಾಸಿನ ಓಣಿಗಳದು. ಗೋಡೆಯಿಂದ ಗೋಡೆಗೆ ಕೈ ಚಾಚಿದರೆ ಮುಟ್ಟುವಷ್ಟು ಇಕ್ಕಟ್ಟು. ಅಂಗಡಿಗಳ ತುಂಬ ಕತ್ತಿ, ಚಾಕು, ಬಾದಾಮಿಯ ಮಿಠಾಯಿ. ಶಿವಬಸವ್ವ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. "ಲಗು ಲಗು ನಡಿ," ಎಂದು ಫಕೀರಪ್ಪನವರು ಬೆಳಗಿನಿಂದ ಜಪ ಮಾಡಿದ್ದರು. "ಮಧ್ಯಾಹ್ನ ಸೇತುವೆ ದಾಟಿ ಗುಡ್ಡಕ್ಕ ನಡಕೋತ ಹೋಗೂದು. ನಿನಗ ಮೊಣಕಾಲು ನೋವು, ಆಗೂದಿಲ್ಲ. ಬಸ್ಸಿನ್ಯಾಗ ಕುಂಡ್ರು, ನಾ ಹೋಗಿ ಫೋಟೋ ತಗೊಂಡು ಬರ್ತೀನಿ."

"ನೋಡೂಣ," ಎಂದಳು ಶಿವಬಸವ್ವ. ಆಕೆಯ ಮುಖ ಮಾತ್ರ ಸಣ್ಣದಾಯಿತು.

ಊರ ನಡುವೆ ದೊಡ್ಡ ಚರ್ಚ್ ಬಂತು. ಜಗತ್ತೆಲ್ಲ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿತ್ತು. ಫಕೀರಪ್ಪನವರಿಗೆ ತಡೆಯಲಾಗಲಿಲ್ಲ. ಗೋಡೆತುಂಬ ಚಪ್ಪಲಿ ತೂಗುವ ಅಂಗಡಿಯಲ್ಲಿ ದಿನವೂ ದೇವರಿಗೆ ಊದಿನಕಡ್ಡಿ ಹಚ್ಚುವಾಗ ತಮ್ಮ ಕಾಲಿನವನ್ನು ಮಾತ್ರ ಹೊರಗೆ ಬಿಡುವ ಮನುಷ್ಯ ಅವರು. "ಯಾರ ದೇವರಾದ್ರೇನು, ದೇವರ ಮನಿ ದೇವರ ಮನಿನ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೊಚ್ಚಹೊಸ ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟರು. ಶಿವಬಸವ್ವ ತನ್ನ ಸ್ಯಾಂಡಲ್ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು.

"ಒಂದು ಅತ್ತ, ಒಂದು ಇತ್ತ ಬಿಡ್ರಿ. ಜೋಡಿ ಸಿಗಲಿಲ್ಲಂದ್ರ ಯಾರೂ ಒಯ್ಯೂದಿಲ್ಲ."

"ಇದೇನು ನಮ್ಮೂರ ಜಾತ್ರಿ ಅಂತ ತಿಳದಿ ಏನು? ಯುರೋಪ್ ಅದ ಇದು!"

ಹೊರಗೆ ಬಂದಾಗ ಬೂಟು ಇರಲಿಲ್ಲ. ಯಾರೋ ಬೇಡವೆಂದು ಬಿಟ್ಟುಹೋದದ್ದೆಂದು ಕಸ ಗುಡಿಸುವವರು ಒಯ್ದಿರಬೇಕು ಎಂದು ಪೃಥ್ವಿರಾಜ್ ಊಹಿಸಿದ. ಇಲ್ಲಿ ಬಾಗಿಲಲ್ಲಿ ಬೂಟು ಬಿಡುವವರು ಯಾರಿದ್ದಾರೆ? ಬಸ್ಸಿನಲ್ಲಿ ಚಪ್ಪಾಳೆ ತಟ್ಟಿದವರೆಲ್ಲ ಈಗ ಕಾಲುಚೀಲದಲ್ಲಿ ನಿಂತ ಚಪ್ಪಲಿ ವ್ಯಾಪಾರಿಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಫಕೀರಪ್ಪನವರಿಗೆ ಆ ಹಾಸುಗಲ್ಲು ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು. ಮಂದಿ ಸೇತುವೆಯ ಕಡೆ ಹೊರಟಿತು.

"ನಡಿ, ಇಬ್ಬರೂ ಬಸ್ಸಿನ್ಯಾಗ ಕುಂಡ್ರೂಣ," ಎಂದರು.

ಶಿವಬಸವ್ವ ಕೈಚೀಲದಿಂದ ಗುಲಾಬಿ ಹೂವಿನ ಚಪ್ಪಲಿ ತೆಗೆದು ಅವರ ಮುಂದಿಟ್ಟಳು. "ಮೆಟ್ಕೋರಿ. ನಾ ಆ ಗುಡ್ಡ ನೋಡ್ಬೇಕು."

ಫಕೀರಪ್ಪನವರು ಅತ್ತಿತ್ತ ನೋಡಿ ಕಾಲುಚೀಲ ಕಿತ್ತು ಕಾಲು ತೂರಿಸಿದರು. ಬರೋಬ್ಬರಿ ಕೂತಿತು. ಹೇಳಿ ಮಾಡಿಸಿದಂತೆ. ಅವರ ಕಾಲು ಎಂಟು ನಂಬರಿನದು.

"ಅಲ್ಲಾ, ನಿನ್ನ ಚಪ್ಪಲಿ ನನಗ ಹೆಂಗ ಬಂತು?"

"ಅಂಗಡ್ಯಾಗ ಮಾರಾಟಾಗದ ಉಳದಿದ್ದು ನೀವ ತಂದುಕೊಟ್ಟಿದ್ರಲ್ಲ. ಇದು ಭಾಳ ದೊಡ್ಡದು, ಕಾಲಾಗ ನಿಲ್ಲೂದಿಲ್ಲ. ಆದ್ರ ಈ ಸ್ಯಾಂಡಲ್ ಕಡಿಲಿಕ್ಕೆ ಹತ್ತಿದ್ರ ಸ್ವಲ್ಪ ಹೊತ್ತು ಇದನ್ನ ಎಳಕೋತ ಅಡ್ಡಾಡ್ತೀನಿ."

"ಮತ್ತ ಆ ಸ್ಯಾಂಡಲ್?"

"ನಾಲ್ಕು ನಂಬರ್. ಅದೂ ಉಳದಿದ್ದ. ಒಂದೋ ಬಿಗಿ, ಒಂದೋ ಸಡಲ. ನೀವು ತರೂವು ಯಾವಾಗ್ಲೂ ಹಂಗ ಇರ್ತಾವಲ್ರಿ."

ಸಿಟ್ಟಿಲ್ಲ, ದೂರಿಲ್ಲ, ಮನೆಯಲ್ಲಿ ಹಾಲು ಮುಗಿದಿದೆ ಎನ್ನುವ ಧಾಟಿಯಲ್ಲೇ ಹೇಳಿದಳು. ಫಕೀರಪ್ಪನವರು ಆಗ ಮೊದಲ ಸಲ ಹೆಂಡತಿಯ ಕಾಲು ನೋಡಿದರು. ಬೆರಳ ಸಂದಿಗಳು ಕೆಂಪಾಗಿದ್ದವು, ಹಿಮ್ಮಡಿಯ ಮೇಲೆ ಹಳೆಯ ಗಾಯದ ಕಪ್ಪು ಗುರುತು. ಏಳಂತೂ ಅಲ್ಲ. ಮೊಣಕಾಲು ನೋವೆಂದು ಎಷ್ಟು ಡಾಕ್ಟರರ ಹತ್ತಿರ ಕರೆದೊಯ್ದಿದ್ದರು, ಎಷ್ಟು ಎಣ್ಣೆ ತಂದಿದ್ದರು! ಅವರಿಗೆ ನಾಚಿಕೆಯಾಯಿತು, ಬೂಟು ಹೋದಾಗ ಆದದ್ದಕ್ಕಿಂತ ಹೆಚ್ಚು.

"ಹಂಗಾರ ನೀ ಹೆಂಗ ನಡೀತಿ?"

"ಮದುವಿಕಿಂತ ಮೊದಲ ಶ್ರೀಶೈಲಕ್ಕ ಬರಿಗಾಲಿಲೆ ಹೋಗಿ ಬಂದಾಕಿ ನಾ," ಎಂದವಳೇ ಸ್ಯಾಂಡಲ್ಲಿನ ಪ್ಲಾಸ್ಟಿಕ್ ಚೀಲವನ್ನು ಕೈಚೀಲಕ್ಕೆ ತುರುಕಿ, ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿ ಹೊರಟೇಬಿಟ್ಟಳು.

ಸೇತುವೆಯ ಮೇಲೆ ಆಕೆ ಪುಣೆಯ ಮಂದಿಯನ್ನು ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿದಳು. ಹಿಂದಿನಿಂದ ಹೂವಿನ ಚಪ್ಪಲಿ ಫಟ್ ಫಟ್ ಅನ್ನಿಸುತ್ತ ಫಕೀರಪ್ಪನವರು ಏದುಸಿರು ಬಿಡುತ್ತ ಓಡಿದರು. ಏರಿನ ತಿರುವಿನಲ್ಲಿ ಆಕೆ ನಿಂತು ತಿರುಗಿ ನೋಡಿದಳು. "ಲಗು ಲಗು ಬರ್ರಿ!" ಇಷ್ಟು ಜೋರಾಗಿ ಅವಳು ಕೂಗಿದ್ದನ್ನು ಅವರು ಕೇಳಿರಲೇ ಇಲ್ಲ.

ಗುಡ್ಡದ ಮೇಲೆ ಶಿವಬಸವ್ವ ಊರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೆಳಗೆ ಹಸಿರು ಹೊಳೆ, ಆಚೆ ಮೊಬೈಲಿನಲ್ಲಿ ಕಂಡಿದ್ದ ಅದೇ ಊರು. "ಚಿತ್ರಕ್ಕಿಂತ ಛಲೋ ಅದ," ಎಂದಳು ಕೊನೆಗೆ. ಪೃಥ್ವಿರಾಜ್ ಫೋಟೋ ತೆಗೆದ. ಚಪ್ಪಲಿ ಬರದ ಹಾಗೆ ತೆಗಿ ಎಂದು ಫಕೀರಪ್ಪನವರು ಹೇಳಲು ಹೊರಟವರು ಹೂವಿನ ಚಪ್ಪಲಿಯಲ್ಲೇ ಹೆಂಡತಿಯ ಪಕ್ಕ ಹೋಗಿ ನಿಂತರು.

ಪುಣೆಗೆ ಮರಳಿದ ಮೇಲೆ ಅಂಗಡಿ ತೆರೆದ ದಿನವೇ ಶಿವಬಸವ್ವನನ್ನು ಕರೆತಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದರು. ಶಿವರಾಜನ ಚಹಾದ ಲೋಟ ಎತ್ತಿಟ್ಟು, ಪಟ್ಟಿ ಒರೆಸಿ, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಯ್ಯ, ಕಾಲು ಮುಟ್ಟಬ್ಯಾಡ್ರಿ, ಮಂದಿ ನೋಡ್ತಾರ!"

"ಇಡೀ ಕ್ಯಾಂಪಿನ ಕಾಲು ಹಿಡದೇನಿ, ನಿಂದ್ಯಾಕ ಬಿಡ್ಲಿ? ಇಡು."

ಐದು. "ಶಿವರಾಜ, ಐದು ನಂಬರಿನ್ಯಾಗ ಮೆತ್ತನ್ನವು ಏನೇನವ ತಗಿ."

"ಐದು ಒಂದೂ ಇಲ್ರಿ ಮಾಲಕ್ರ. ಲೇಡೀಸ್ ಐದು ಯಾವಾಗರ ಉಳದದ್ದು ಅದ ಏನ್ರಿ? ಬಂದ ವಾರದಾಗ ಖಲಾಸ್. ನಾಲ್ಕು ಅದಾವ, ಎಂಟು ಅದಾವ," ಎಂದ ಶಿವರಾಜ. ಆಮೇಲೆ ಮಾಲೀಕರ ಮನಸ್ಸು ಅರಿತವನಂತೆ, "ಎಂದಿನಂಗ ಅವನ್ನ ಅಮ್ಮಾರಿಗೆ ಕಟ್ಟಿಕೊಡ್ಲ್ಯಾ?" ಎಂದು ಕೇಳಿದ.

ಫಕೀರಪ್ಪನವರು ಎದ್ದರು. ಹೆಂಡತಿಯನ್ನು ಕರೆದುಕೊಂಡು ರಸ್ತೆ ದಾಟಿ, ತಾವು ಎಂದೂ ಕಾಲಿಡದ ಎದುರಿನ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದರು. ಮಾಲೀಕ ಕೇದಾರ ಗಲ್ಲಾದಿಂದ ಎದ್ದು ನಿಂತ. ದರ ತಿಳಿಯಲು ಬಂದರೋ, ಜಗಳಕ್ಕೆ ಬಂದರೋ ಅವನಿಗೆ ತಿಳಿಯಲಿಲ್ಲ.

"ಐದು ನಂಬರ್ ತೋರಿಸು," ಎಂದರು ಫಕೀರಪ್ಪನವರು ಮರಾಠಿಯಲ್ಲಿ. "ಇವರಿಗೆ."

ಕೇದಾರ ನಕ್ಕ. "ನೋಡೇ ಹೇಳಿದಿರಾ ಸೇಠ, ಯಾವತ್ತಿನ ಹಾಗೆ?"

"ಇಲ್ಲಪ್ಪ," ಎಂದರು ಫಕೀರಪ್ಪನವರು. "ಇಷ್ಟು ವರ್ಷ ನೋಡಿರಲಿಲ್ಲ. ಅಳೆದು ಬಂದೆ."