ಐದು ನಕ್ಷತ್ರ ಕಳೆಯುವವರೆಗೆ

ಆ ಕುರ್ಚಿ ಈಗಲೂ ಕಣ್ಣಮುಂದಿದೆ. ಬೆತ್ತ ಜೋತುಬಿದ್ದ ಹಳೆಯ ಮರದ ಕುರ್ಚಿ, ಅದರಲ್ಲಿ ಕಂಬಳಿ ಹೊದ್ದು ಕೂತ ಮುದುಕಿ, ನಾಲ್ಕು ಕಡೆಯಿಂದ ಎತ್ತಿ ಹಿಡಿದ ನಾಲ್ವರು. ಬಾಗಿಲು ದಾಟುವಾಗ ಆಕೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಳು. ಕೈ ನಿಲುಕಲಿಲ್ಲ. ಹಾಗೇ ಹೊತ್ತುಕೊಂಡು ಹೋದರು.

ಆಕೆಯನ್ನು ಹೊರಗೆ ಕಳಿಸಿದ್ದು ನಾನು.

ಅಪ್ಪ ಸತ್ತ ಮೇಲೆ ನಮಗೆ ಉಳಿದದ್ದು ಒಂದೇ ಮಾಡಿನ ಕೆಳಗಿನ ಎರಡು ಭಾಗದ ಮನೆ. ಮುಂದಿನದರಲ್ಲಿ ಅಮ್ಮ, ಅವಳ ಜೊತೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾನು; ಹಿಂದಿನದರಲ್ಲಿ ಬಾಡಿಗೆದಾರರು. ಮನೆ ಇರುವವರೆಂದು ಊರವರ ಕಣ್ಣಿಗೆ ನಾವು ಸಾಹುಕಾರರು. ಹೆಂಚು ಒಡೆದಾಗ, ಕಂದಾಯದ ನೋಟೀಸು ಬಂದಾಗ ನಮ್ಮ ಸಾಹುಕಾರಿಕೆ ಎಷ್ಟರದೆಂದು ನಮಗೇ ಗೊತ್ತಾಗುತ್ತಿತ್ತು. ಒಬ್ಬ ಬಾಡಿಗೆದಾರ ಹೇಳದೆ ಕೇಳದೆ ಮನೆ ಬಿಟ್ಟುಹೋಗುವಾಗ ಕಿಟಕಿಯ ಚಿಲಕವನ್ನೂ ಕಿತ್ತುಕೊಂಡು ಹೋಗಿದ್ದ. ಇನ್ನೊಬ್ಬನನ್ನು ಬಿಡಿಸಲು ಅಮ್ಮ ಎರಡು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ್ದಳು. ಇವರಾದ ಮೇಲೆ ಬಂದವನು ಶಿವನಂಜಪ್ಪ, ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದವನು. ಜೊತೆಗೆ ಅವನ ತಾಯಿ ದೇವೀರಮ್ಮ. ಒಂಬತ್ತು ವರ್ಷ, ಒಂದನೇ ತಾರೀಕು ತಪ್ಪದೆ, ಆಕೆಯೇ ಬಾಡಿಗೆಯನ್ನು ಎಲೆಯಡಿಕೆಯ ಮೇಲಿಟ್ಟು ತಂದು ಕೊಡುತ್ತಿದ್ದಳು.

ನಾನು ತಾಳಿ ಕಳೆದುಕೊಂಡು ಬಂದ ದಿನ ಬೀದಿಯೆಲ್ಲ ಬಾಗಿಲಲ್ಲಿ ನಿಂತು ನೋಡಿತ್ತು. ದೇವೀರಮ್ಮ ಮಾತ್ರ ಏನೂ ಕೇಳದೆ ನನ್ನನ್ನು ಹಿತ್ತಲ ಕಟ್ಟೆಗೆ ಕರೆದೊಯ್ದು, ತಲೆಗೆ ಎಣ್ಣೆ ಹಚ್ಚಿ, ಒಂದು ಲೋಟ ಅಂಬಲಿ ಕೊಟ್ಟಿದ್ದಳು. ಅದನ್ನು ಮರೆತೆನೆಂದಲ್ಲ. ಮರೆತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಕೆ ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನವಿಲ್ಲ ಎಂದರು ವೈದ್ಯರು. ಅಂದೇ ಅಮ್ಮ ಪಂಚಾಂಗ ನೋಡುವ ಜೋಯಿಸರನ್ನು ಕರೆಸಿದಳು. ಅವರು ಬೆರಳು ಮಡಿಚುತ್ತ ಹೇಳಿದರು: "ನಾಳೆಯಿಂದ ಧನಿಷ್ಠೆ ಹಿಡೀತದೆ. ಐದು ನಕ್ಷತ್ರ ಕಳೆಯೋವರೆಗೂ ಹೊತ್ತು ಚೆನ್ನಾಗಿಲ್ಲ. ಅಷ್ಟರಲ್ಲಿ ಜೀವ ಹೋದ್ರೆ ಮನೆಗೆ ಆರು ತಿಂಗಳು ಬೀಗ ಹಾಕಬೇಕು. ಮಾಡು ಒಂದೇ ಅಲ್ವೇ? ನೀವೂ ಬಿಡಬೇಕಾಗ್ತದೆ."

"ಬಿಟ್ಟು ಎಲ್ಲಿಗೆ ಹೋಗೋಣ ಸ್ವಾಮಿ?" ಎಂದಳು ಅಮ್ಮ. ಜೋಯಿಸರು ದಕ್ಷಿಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

ಅಮ್ಮನಿಗೆ ಬಾಯಿ ಬರಲಿಲ್ಲ. ಹಿಂದಿನ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸು ಬಂದಳು. ಕೊನೆಗೆ ನಾನೇ ಹೋದೆ. ಶಿವನಂಜಪ್ಪ ತಾಯಿಯ ಕಾಲು ನೀವುತ್ತ ಕೂತಿದ್ದ.

"ಆಸ್ಪತ್ರೆಗೆ ಸೇರಿಸಿದ್ರೆ ಒಳ್ಳೇದಲ್ವಾ ಶಿವನಂಜಪ್ಪನೋರೇ? ಅಲ್ಲಿ ನೋಡ್ಕೊಳ್ಳೋರಿರ್ತಾರೆ."

"ಡಾಕ್ಟ್ರು ಮನೇಲೇ ಇರ್ಲಿ ಅಂದವ್ರೆ ಅಕ್ಕಾವ್ರೇ."

"ಐದೇ ದಿನ. ನಕ್ಷತ್ರ ಸರಿ ಇಲ್ವಂತೆ. ಆಮೇಲೆ ಕರ್ಕೊಂಡು ಬನ್ನಿ."

ಅವನು ಮುಖ ಎತ್ತಲಿಲ್ಲ. ಮಲಗಿದ್ದಾಕೆಗೆ ಕೇಳಿಸಿತ್ತು.

"ನಂಜಾ, ಆ ಕುರ್ಚಿ ತಕ್ಕೊಂಬಾ," ಎಂದಳು. "ಅವ್ರದೇನೂ ತಪ್ಪಿಲ್ಲ ಕಣಪ್ಪ. ಹೆಣ್ಣೆಂಗಸ್ರು, ಮನೆ ಬಿಟ್ಟು ಎಲ್ಲೋದಾರು?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಕೆ ನಮ್ಮ ಪರವಾಗಿ ಮಾತಾಡಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗದೆ ಜಗಲಿಯಲ್ಲಿ ಚಾಪೆ ಹಾಸಿದರು. ನಾನು ದಿನಾ ಗಂಜಿ ಒಯ್ದೆ. ಓಡಾಡುವವರ ಚಪ್ಪಲಿಯ ಧೂಳು ಆಕೆಯ ಮುಖಕ್ಕೆ ಹಾರುತ್ತಿತ್ತು. ಕಂಬಕ್ಕೆ ಒರಗಿಸಿಟ್ಟ ಆ ಕುರ್ಚಿಯಲ್ಲಿ ಯಾರೋ ಬಂದವರು ಕೂತಿರುತ್ತಿದ್ದರು. ಆಕೆ ನನ್ನನ್ನು ನೋಡಿ ಕೇಳುತ್ತಿದ್ದದ್ದು ಒಂದೇ ಮಾತು: "ಇನ್ನೆಷ್ಟ್ ದಿನ ಅವ್ವಾ?" ಒಂದೊಂದು ದಿನವನ್ನೂ ಹಲ್ಲು ಕಚ್ಚಿಕೊಂಡು ದಾಟುತ್ತಿದ್ದಳು, ಮನೆಗೆ ಬರಬೇಕೆಂದು.

ಐದೂ ನಕ್ಷತ್ರ ಕಳೆದವು. ಆಕೆ ಸಾಯಲಿಲ್ಲ.

ಆರನೆಯ ದಿನ ಬೆಳಗ್ಗೆ ಶಿವನಂಜಪ್ಪ ಬಂದು ಅಂಗಳದಲ್ಲಿ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಮಾತ್ರ ಗೆದ್ದವನ ಕಣ್ಣು. "ಕಳೀತಲ್ವಾ ಅಕ್ಕಾವ್ರೇ? ಅವ್ವನ್ನ ಕರ್ಕೊಂಡ್ ಬರ್ಲಾ?"

ಇಲ್ಲಿಯವರೆಗೆ ನಡೆದದ್ದನ್ನು ನಕ್ಷತ್ರದ ತಲೆಗೆ ಕಟ್ಟಬಹುದು. ಮುಂದಿನದಕ್ಕೆ ಯಾವ ಪಂಚಾಂಗವೂ ಹೊಣೆಯಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದಾಗ ನನ್ನ ತಲೆಯಲ್ಲಿ ಓಡಿದ್ದು ಒಂದೇ ಲೆಕ್ಕ. ತಾಯಿ ಹೋದ ಮೇಲೆ ಇವನು ಒಂಟಿ, ಮನೆ ಬಿಟ್ಟೇ ಬಿಡುತ್ತಾನೆ. ಸಾವಾದ ಮನೆ ಎಂದರೆ, ಒಳ್ಳೆಯ ನಕ್ಷತ್ರವೇ ಇರಲಿ, ಆಮೇಲೆ ಯಾರು ಬರುತ್ತಾರೆ?

"ಇನ್ನೆರಡು ದಿನ ನೋಡೋಣ," ಎಂದೆ.

ಅವನು ನನ್ನನ್ನು ನೋಡಿದ. ಬಂದ ದಾರಿಗೇ ತಿರುಗಿದ. ಬಾಗಿಲ ಮರೆಯಲ್ಲಿದ್ದ ಅಮ್ಮನಾದರೂ ಈಚೆ ಬಂದು ನನ್ನ ಮಾತು ಮುರಿಯುತ್ತಾಳೆಂದು ಕಾದೆ. ಅಮ್ಮನೂ ಬರಲಿಲ್ಲ.

ಅದೇ ಸಂಜೆ ದೇವೀರಮ್ಮ ಆ ಜಗಲಿಯಲ್ಲೇ ತೀರಿಕೊಂಡಳು. ಹೊತ್ತು ಬಹಳ ಚೆನ್ನಾಗಿತ್ತಂತೆ, ಜೋಯಿಸರು ಹೇಳಿದರು.

ಹದಿಮೂರು ದಿನ ಕಳೆದ ಮೇಲೆ ಶಿವನಂಜಪ್ಪ ಮನೆ ಗುಡಿಸಿ, ನೆಲ ಸಾರಿಸಿ, ಬೀಗದ ಕೈಯನ್ನು ಅಮ್ಮನ ಮುಂದಿಟ್ಟು ಹೋದ. ಒಂದು ಮೊಳೆಯನ್ನೂ ಕಿತ್ತಿರಲಿಲ್ಲ.

ಮನೆ ಹೆಚ್ಚು ದಿನ ಖಾಲಿ ಉಳಿಯಲಿಲ್ಲ. ನಾವು ಬಯಸಿದ್ದೆಲ್ಲ ಹಾಗೇ ಆಯಿತು. ಹೊಸ ಸಂಸಾರ ಬಂತು, ಗಂಡ ಹೆಂಡತಿ, ಸಾತ್ವಿಕರು. ಆಕೆ ಹಾಲುಕ್ಕಿಸಿ, ಸಕ್ಕರೆ ಬೆರೆಸಿ, ಎರಡು ಲೋಟದಲ್ಲಿ ನಮಗೆ ತಂದಳು. ಕೊಡುವ ಮುನ್ನ ಸ್ವಲ್ಪ ಅಳುಕಿನಿಂದ ಕೇಳಿದಳು:

"ತಪ್ಪು ತಿಳ್ಕೋಬೇಡಿ. ನಾನೀಗ ಮೂರು ತಿಂಗಳ ಬಸುರಿ, ಅದಕ್ಕೇ ಕೇಳ್ತಿದೀನಿ. ಈ ಮನೇಲಿ ಯಾರೂ ಸತ್ತಿಲ್ಲ ಅಲ್ವಾ?"

"ಇಲ್ಲ," ಎಂದೆ. "ಇಲ್ಲಿ ಯಾರೂ ಸತ್ತಿಲ್ಲ."

ಆಕೆಯ ಮುಖ ಅರಳಿತು. ಲೋಟಗಳನ್ನಿಟ್ಟು ಹಗುರಾಗಿ ಹೊರಟುಹೋದಳು. ನಾನೂ ಅಮ್ಮನೂ ಒಬ್ಬರನ್ನೊಬ್ಬರು ನೋಡದೆ ಕೂತೆವು. ಹಾಲು ಆರಿ, ಎರಡೂ ಲೋಟದಲ್ಲಿ ಕೆನೆ ಕಟ್ಟಿತು.